ಕೂಸು ಸಣ್ಣದಿರುವಾಗಲೇ ಕೆಲಸಕ್ಕೆ ಮರಳುವ ತಾಯಿಗೆ: ಯಾವ ಏರ್ಪಾಡು ಯಾರಿಗೆ ಹೊಂದುತ್ತದೆ?

ಹೆರಿಗೆ ರಜೆ ಮುಗಿಯುತ್ತಾ ಬಂತೆಂದರೆ ನೆಂಟರು, ಅಕ್ಕಪಕ್ಕದವರು, ಆಫೀಸಿನವರು ಎಲ್ಲರೂ ಕೇಳುವುದು ಒಂದೇ: "ಕೂಸನ್ನ ಯಾರು ನೋಡ್ಕೋತಾರೆ?" ಆದರೆ ಅದಕ್ಕೂ ಮೊದಲು ಲೆಕ್ಕ ಹಾಕಬೇಕಾದ ಸಂಗತಿ ಎರಡಿವೆ. ಕೆಲಸಕ್ಕೆ ಹೊರಡುವ ದಿನ ಕೂಸಿಗೆ ಎಷ್ಟು ತಿಂಗಳು ತುಂಬಿರುತ್ತದೆ? ಬೆಳಿಗ್ಗೆ ಹಾಲು ಕುಡಿಸಿ ಹೊರಟರೆ ಮತ್ತೆ ಎದೆಗೆ ಹಾಕಿಕೊಳ್ಳುವುದು ಎಷ್ಟು ಗಂಟೆ ಕಳೆದ ಮೇಲೆ?

ಆರು ತಿಂಗಳೊಳಗಿನ ಕೂಸಿಗೆ ಎದೆಹಾಲೇ ಊಟ, ಅದೇ ನೀರು. ಅಲ್ಲಿಯವರೆಗೆ ಏರ್ಪಾಡು ಒಳ್ಳೆಯದೋ ಅಲ್ಲವೋ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ತಾಯಿ ಎಷ್ಟು ಗಂಟೆ ದೂರ ಇರುತ್ತಾಳೆ ಎಂಬುದು. ಆರು ತಿಂಗಳು ದಾಟಿ ರಾಗಿ ಸರಿಯಂಥ ಮೆತ್ತನೆಯ ಊಟ ತಿನ್ನಲು ಶುರು ಮಾಡಿದ ಮೇಲೆ ನೋಡಿಕೊಳ್ಳುವವರ ಗುಣ, ತಾಳ್ಮೆ, ಆರೋಗ್ಯ ಮುಂದೆ ಬರುತ್ತವೆ. ಈ ಕ್ರಮ ತಪ್ಪಿದಾಗಲೇ ತೊಂದರೆ. ನಾಲ್ಕು ತಿಂಗಳ ಕೂಸನ್ನು ನಲವತ್ತು ಕಿಲೋಮೀಟರ್ ದೂರದ ಪ್ರೀತಿಯ ಅಜ್ಜಿಯ ಬಳಿ ಬಿಡುವುದಕ್ಕಿಂತ, ಕೆಲಸದ ಜಾಗಕ್ಕೆ ಹತ್ತು ನಿಮಿಷದಲ್ಲಿರುವ ಬಾಡಿಗೆ ಕೋಣೆಗೆ ಅದೇ ಅಜ್ಜಿಯನ್ನು ಕರೆಸಿಕೊಳ್ಳುವುದು ಮೇಲು.

ರಜೆ: ಮುಂಚೆ ಹಿಡಿಯುವುದೋ, ಹೆರಿಗೆಯ ಹತ್ತಿರ ಹಿಡಿಯುವುದೋ

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಹೆರಿಗೆಗೆ ಮುನ್ನ ಅದರಲ್ಲಿ ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ಎಂಟೂ ವಾರ ಮೊದಲೇ ಬಳಸಿದರೆ ಹೆರಿಗೆಯ ನಂತರ ಉಳಿಯುವುದು 18 ವಾರ, ಅಂದರೆ ಕೂಸಿಗೆ ನಾಲ್ಕು ತಿಂಗಳು ಸ್ವಲ್ಪ ದಾಟಿದಾಗಲೇ ಹಾಜರಾಗಬೇಕು. ಎರಡು ವಾರ ಮಾತ್ರ ಮುಂಚೆ ಹಿಡಿದರೆ 24 ವಾರ ಉಳಿಯುತ್ತದೆ, ಕೂಸಿಗೆ ಐದೂವರೆ ತಿಂಗಳು. ಜೊತೆಗೆ ಎರಡು ವಾರ ಗಳಿಕೆ ರಜೆ ಸೇರಿಸಿದರೆ ಆರು ತಿಂಗಳು ಮುಟ್ಟುತ್ತದೆ, ಹಾಲು ಹಿಂಡಿಡುವ ತಾಪತ್ರಯ ಅರ್ಧ ಇಳಿಯುತ್ತದೆ. ಆದರೆ ಬಿಪಿ ಏರಿದ್ದರೆ, ಅವಳಿ ಇದ್ದರೆ, ಡಾಕ್ಟರು ಮಲಗಿರಿ ಎಂದಿದ್ದರೆ ಈ ಲೆಕ್ಕ ಬದಿಗಿಟ್ಟು ರಜೆ ಹಾಕಿ.

ಎರಡು ಮಕ್ಕಳಿದ್ದು ಮೂರನೆಯದಾದರೆ ರಜೆ 12 ವಾರ. ಖಾಸಗಿ ಕಡೆ ದುಡಿಯುವವರು ಹೆರಿಗೆ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟುತ್ತಿರುವವರಿಗೆ ಅದೇ 26 ವಾರದ ಸೌಲಭ್ಯವನ್ನು ಆ ವಿಮಾ ನಿಗಮ ಕೊಡುತ್ತದೆ, ಮಾಲೀಕರಲ್ಲ. ಹಾಗಾಗಿ ಕ್ಲೇಮು ಹಾಕುವ ಜಾಗ ಬೇರೆ. ರಾಜ್ಯ ಸರ್ಕಾರಿ ನೌಕರರಿಗೆ ಹೆರಿಗೆ ರಜೆ 180 ದಿನ. 2021ರಿಂದ ಶಿಶುಪಾಲನಾ ರಜೆಯೂ ಇದೆ. ಅದನ್ನು ಮಗು ಶಾಲೆಗೆ ಹೋಗುವಾಗಲೂ ಬಳಸಬಹುದು ನಿಜ, ಆದರೆ ಒಂದಷ್ಟನ್ನಾದರೂ ಮೊದಲ ವರ್ಷಕ್ಕೇ ಎತ್ತಿಡಿ. ಜ್ವರ, ಹಲ್ಲು, ಭೇದಿ ಎಲ್ಲ ಬರುವುದು ಆಗಲೇ.

"ನೀವು ಪರ್ಮನೆಂಟ್ ಅಲ್ಲ, ನಿಮಗಿಲ್ಲ" ಎಂಬ ಮಾತನ್ನು ದಿನಗೂಲಿಯವರೂ ಗುತ್ತಿಗೆಯವರೂ ಕೇಳಿಸಿಕೊಂಡು ಸುಮ್ಮನಾಗಿಬಿಡುತ್ತಾರೆ. ದೆಹಲಿ ನಗರಪಾಲಿಕೆಯ ಮಸ್ಟರ್ ರೋಲ್ ಕಾರ್ಮಿಕ ಮಹಿಳೆಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಸಲ್ಲುತ್ತದೆ ಎಂದಿದೆ. ಅರ್ಜಿಯನ್ನು ಬರಹದಲ್ಲೇ ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಮ್ಯಾನೇಜರ್ ಬದಲಾದ ದಿನ ಮಾಯ.

ಹಾಜರಾದ ಮೇಲೂ ಕಾಯ್ದೆ ನಿಮ್ಮ ಜೊತೆಗಿದೆ. ಕೂಸಿಗೆ 15 ತಿಂಗಳಾಗುವವರೆಗೆ, ಮಾಮೂಲಿ ವಿರಾಮವಲ್ಲದೆ, ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಸಿಗಬೇಕು. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೋಣೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು. ಕೆಲಸದ ಸ್ವರೂಪ ಒಗ್ಗಿದರೆ ರಜೆಯ ನಂತರ ಮನೆಯಿಂದಲೇ ಕೆಲಸ ಮಾಡಲು ನೀವೂ ಮಾಲೀಕರೂ ಒಪ್ಪಿ ನಿಗದಿ ಮಾಡಿಕೊಳ್ಳಬಹುದು.

ಮೊದಲ ದಿನ ಸೋಮವಾರ ಬೇಡ, ಗುರುವಾರ ಹಾಜರಾಗಿ. ಮೂರೇ ದಿನಕ್ಕೆ ಭಾನುವಾರ ಬರುತ್ತದೆ, ಏನು ತಪ್ಪಿತು ಎಂದು ನೋಡಿ ಸರಿಮಾಡಿಕೊಳ್ಳಬಹುದು.

ತವರಿನಿಂದ ಯಾವಾಗ ಬರುವುದು

ಚೊಚ್ಚಲ ಬಾಣಂತನ ತವರಲ್ಲಿ, ಐದನೇ ತಿಂಗಳಿಗೆ ಗಂಡನ ಮನೆ. ಅದೇ ವಾರ ಕೆಲಸವೂ ಶುರುವಾದರೆ ಕೂಸಿಗೆ ಮನೆ, ಎತ್ತುವ ಕೈ, ಹಾಲು ಕುಡಿಯುವ ರೀತಿ ಮೂರೂ ಒಟ್ಟಿಗೆ ಬದಲಾಗುತ್ತವೆ. ಹಾಲು ಬಿಟ್ಟು ಅಳುವ ಕೂಸುಗಳಲ್ಲಿ ಎಷ್ಟೋ ಹೀಗೆ ಕಂಗೆಟ್ಟವು. ಕೆಲಸಕ್ಕೆ ಕನಿಷ್ಠ ಮೂರು ವಾರ ಮೊದಲೇ ಬಂದು ನೆಲೆಯಾಗಿ. ಇಲ್ಲವೇ ತವರಿನಿಂದಲೇ ಮೊದಲ ತಿಂಗಳು ಓಡಾಡಿ. ಶಾಸ್ತ್ರಕ್ಕೆ ತಿಂಗಳು ನೋಡುವ ಹಿರಿಯರಿಗೆ ಈ ಕಾರಣ ಬಿಡಿಸಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. 6, 10, 14 ವಾರದ ಚುಚ್ಚುಮದ್ದಿನ ದಿನಗಳನ್ನೂ ತಾಯಿ ಕಾರ್ಡಿನಲ್ಲಿ ನೋಡಿಕೊಳ್ಳಿ. ಚುಚ್ಚುಮದ್ದಿನ ಮರುದಿನ ಜ್ವರ ಬರುವುದು ಮಾಮೂಲು, ಅಂದೇ ಹೊಸಬರ ಕೈಗೆ ಕೊಡುವುದು ಬೇಡ.

ಅಜ್ಜಿ, ಆಯಾ, ಶಿಶುಪಾಲನಾ ಕೇಂದ್ರ, ಮನೆಯಲ್ಲೇ ದುಡಿಮೆ

ಅತ್ತೆಯೋ ಅವ್ವನೋ ಮನೆಯಲ್ಲಿದ್ದರೆ ಅದೇ ಮೊದಲ ಆಯ್ಕೆ ಎಂದು ಎಲ್ಲರೂ ಹೇಳುತ್ತಾರೆ, ಬಹಳಷ್ಟು ಸಲ ಸರಿಯೂ ಹೌದು. ಆದರೆ ಒಪ್ಪಿಸುವ ಮೊದಲು ಅವರ ಮಂಡಿ ನೋಡಿ. ಐದಾರು ತಿಂಗಳ ಕೂಸು ಆರೇಳು ಕಿಲೋ ತೂಗುತ್ತದೆ. ಅದನ್ನು ತೊಟ್ಟಿಲಿನಿಂದ ದಿನಕ್ಕೆ ಇಪ್ಪತ್ತು ಸಲ ಎತ್ತಿ ಇಳಿಸಬೇಕು. ಎರಡು ವಾರ ಮೀರಿದ ಕೆಮ್ಮು ಯಾರಿಗೇ ಇದ್ದರೂ, ಅಜ್ಜನೇ ಆಗಲಿ ಆಯಾನೇ ಆಗಲಿ, ಕಫ ಪರೀಕ್ಷೆ ಆಗುವವರೆಗೆ ಕೂಸನ್ನು ಕೊಡಬೇಡಿ. ಇನ್ನೊಂದು, ಮನೆಮಂದಿಗೆಲ್ಲ ರೊಟ್ಟಿ ತಟ್ಟಿ, ಪಾತ್ರೆ ತೊಳೆದು, ಅದರ ನಡುವೆ ಕೂಸನ್ನೂ ನೋಡು ಎಂದರೆ ಅರವತ್ತರ ಹೆಂಗಸು ಆರು ವಾರದಲ್ಲಿ ಸೋಲುತ್ತಾರೆ. ದುಡ್ಡು ಕೊಟ್ಟು ಜನ ಇಡುವುದಾದರೆ ಕೂಸಿಗಲ್ಲ, ಪಾತ್ರೆ, ಬಟ್ಟೆ, ಅಡುಗೆಗೆ ಇಡಿ. ಅಜ್ಜಿಯ ಕೈ ಕೂಸಿಗೇ ಇರಲಿ. ಖರ್ಚೂ ಕಡಿಮೆ, ಕೂಸಿಗೂ ಹಿತ.

ಅಜ್ಜಿಯಂದಿರ ಜೊತೆ ಮೊದಲೇ ಮಾತಾಡಿಕೊಳ್ಳಬೇಕಾದ ಕೆಲವು ವಿಷಯಗಳಿವೆ: ಜೇನುತುಪ್ಪ, ಬಜೆ ತೇಯ್ದಿದ್ದು, ಗ್ರೈಪ್ ವಾಟರ್, ಬೇಸಿಗೆಯಲ್ಲಿ ಒಂದು ಗುಟುಕು ನೀರು. ಆರು ತಿಂಗಳವರೆಗೆ ಇವು ಯಾವುವೂ ಬೇಡ. ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೂ ಬೇಡ, ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಸಣ್ಣ ಕೂಸಿನ ಕರುಳಲ್ಲಿ ಬೆಳೆದು ವಿಷ ಉಂಟುಮಾಡಬಹುದು. ನೀರೆರೆದ ಮೇಲೆ ಲೋಬಾನದ ಹೊಗೆ ಹಿಡಿಯುವುದೂ ಎಳೆಯ ಶ್ವಾಸಕೋಶಕ್ಕೆ ಕೆಟ್ಟದ್ದು. ಇದನ್ನು ಸೊಸೆ ಹೇಳಿದರೆ ಮನಸ್ತಾಪ. ಚುಚ್ಚುಮದ್ದಿಗೆ ಹೋದಾಗ ಅತ್ತೆಯವರನ್ನೂ ಕರೆದೊಯ್ದು, ಡಾಕ್ಟರ ಬಾಯಲ್ಲೋ ಆಶಾ ಕಾರ್ಯಕರ್ತೆಯ ಬಾಯಲ್ಲೋ ಹೇಳಿಸಿ. ಎಣ್ಣೆನೀರನ್ನು ಮಾತ್ರ ಅಜ್ಜಿಗೇ ಬಿಡಿ, ಆದರೆ ನೀವು ಹೊರಟ ಮೇಲೆ ಹತ್ತು ಗಂಟೆಗೆ ಇರಲಿ. ನೀರೆರೆಸಿಕೊಂಡ ಕೂಸು ಸಾಮಾನ್ಯವಾಗಿ ಎರಡು ಗಂಟೆ ಗಾಢವಾಗಿ ಮಲಗುತ್ತದೆ, ನೀವಿಲ್ಲದ ಹೊತ್ತು ಅಷ್ಟು ಚಿಕ್ಕದಾಗುತ್ತದೆ.

ಆಯಾ ಇಡುವುದಾದರೆ ನೀವು ಮನೆಯಲ್ಲಿರುವಾಗಲೇ ಒಂದು ವಾರ ಪೂರ್ತಿ ಕೆಲಸಕ್ಕೆ ಕರೆಯಿರಿ. ಮೊದಲೆರಡು ದಿನ ನೋಡಲಿ, ಮೂರನೇ ದಿನದಿಂದ ಅವರೇ ಮಾಡಲಿ, ಕೊನೆಯ ಎರಡು ದಿನ ನೀವು ಮೂರು ಮೂರು ಗಂಟೆ ಹೊರಗಿರಿ. ಕೂಸನ್ನು ಅಂಗಾತ ಮಲಗಿಸುತ್ತಾರಾ, ಅತ್ತಾಗ ಮೊಬೈಲು ತೋರಿಸುತ್ತಾರಾ, ಬಟ್ಟೆ ಬದಲಿಸಿದ ಮೇಲೆ ಕೈಗೆ ಸೋಪು ಹಾಕುತ್ತಾರಾ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ಈ ಏರ್ಪಾಡಿನ ದೊಡ್ಡ ದೌರ್ಬಲ್ಯ ಒಂದೇ: ಅವರು ಬರದ ದಿನ ನಿಮಗೂ ರಜೆ. ಅವರ ಹಬ್ಬ, ಊರ ಜಾತ್ರೆ, ಸುಗ್ಗಿಯ ದಿನಗಳನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಶಿಶುಪಾಲನಾ ಕೇಂದ್ರಗಳ ವಿಷಯದಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರರಿಂದ ಆರು ವರ್ಷದ ಮಕ್ಕಳನ್ನು, ಸಣ್ಣವರಿಗೆ ಮನೆಗೆ ಆಹಾರದ ಪೊಟ್ಟಣ ಮಾತ್ರ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ ಘೋಷಿಸಿದ 'ಕೂಸಿನ ಮನೆ' ಬೇರೆ, ಅದು ಗ್ರಾಮ ಪಂಚಾಯಿತಿಯದು. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ, ನಡೆಯುತ್ತಿದೆಯೇ ಎಂದು ಪಿಡಿಒ ಅವರನ್ನೇ ಕೇಳಿ, ಹೋಗಿ ಕಣ್ಣಾರೆ ನೋಡಿ. ಪಟ್ಟಣದಲ್ಲಿ ಪ್ಲೇಹೋಮ್ ಬೋರ್ಡು ಕಂಡ ಮಾತ್ರಕ್ಕೆ ಎಳೆಗೂಸನ್ನು ತೆಗೆದುಕೊಳ್ಳುತ್ತಾರೆ ಎಂದೇನಿಲ್ಲ. ಒಂದು ವರ್ಷದೊಳಗಿನವು ಎಷ್ಟಿವೆ, ಅವಕ್ಕೆ ಎಷ್ಟು ಜನ ಎಂದು ಕೇಳಿ. ಮೂರು ಎಳೆಗೂಸಿಗೆ ಒಬ್ಬರಿಗಿಂತ ಕಡಿಮೆ ಇದ್ದರೆ ಬೇಡ ಎನ್ನುವುದು ನಮ್ಮ ಸಲಹೆ. ಹೇಳದೆ ಕೇಳದೆ ಮಧ್ಯಾಹ್ನ ಎರಡಕ್ಕೆ ಹೋಗಿ ನೋಡಿ, ಬಾಗಿಲಲ್ಲೇ ನಿಲ್ಲಿಸಿದರೆ ಅದೇ ಉತ್ತರ. ಮೊದಲ ಕೆಲವು ತಿಂಗಳು ಶೀತ, ಕೆಮ್ಮು ಪದೇ ಪದೇ ಅಂಟುವುದು ಸಹಜ, ಅದಕ್ಕೆ ನಿಮ್ಮ ರಜೆ ಉಳಿಸಿಕೊಂಡಿರಬೇಕು.

ಇನ್ನು ಮನೆಯಲ್ಲೇ ದುಡಿಯುವುದು. ಬ್ಲೌಸ್ ಹೊಲಿಗೆ, ಮೊಳಕಾಲ್ಮೂರಿನ ರೇಷ್ಮೆ ಮಗ್ಗ, ಚನ್ನಗಿರಿ ಕಡೆ ಅಡಿಕೆ ಸುಲಿಯುವುದು, ಬೀಡಿ. ಕೂಸು ಪಕ್ಕದಲ್ಲೇ ಇರುವುದರಿಂದ ಹಾಲಿನ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಪೀಸಿನ ಲೆಕ್ಕದ ಕೆಲಸದಲ್ಲಿ ಕೈ ನಿಂತರೆ ದುಡ್ಡು ನಿಂತಿತು. ಮೊದಲ ವರ್ಷ ಹಿಂದಿನ ಅರ್ಧದಷ್ಟೇ ಕೆಲಸ ಒಪ್ಪಿಕೊಳ್ಳಿ, ದಿನಕ್ಕೆ ಮೂರ್ನಾಲ್ಕು ಗಂಟೆಯಾದರೂ ಇನ್ನೊಂದು ಕೈ ಕೂಸಿಗೆ ಇರಲಿ. ಕೂಸು ದೊಡ್ಡದಾದಂತೆ ಸುಲಭ ಆಗುತ್ತದೆ ಎಂಬುದು ಇಲ್ಲಿ ಸುಳ್ಳು. ಏಳೆಂಟು ತಿಂಗಳಿಗೆ ಅಂಬೆಗಾಲಿಟ್ಟಿತೆಂದರೆ ಸೂಜಿ, ಗುಂಡಿ, ಅಡಿಕೆ ಚೂರು ಎಲ್ಲ ಬಾಯಿಗೆ. ಬೀಡಿ ತಂಬಾಕಿನ ದೂಳಿರುವ ಕೋಣೆಯಲ್ಲಿ ತೊಟ್ಟಿಲು ಕಟ್ಟಲೇಬಾರದು, ಹಾಲೂಡಿಸುವ ಮೊದಲು ಕೈ ತೊಳೆದು ಮೇಲಿನ ಬಟ್ಟೆ ಬದಲಿಸಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಗೂ ಇದೇ ಮಾತು: ಆ ಹೊಗೆ, ಆ ಕಾವಿನಲ್ಲಿ ಕೂಸನ್ನು ಜೋಳಿಗೆಯಲ್ಲಿ ಮಲಗಿಸುವುದಕ್ಕಿಂತ ಹತ್ತಿರದ ಮನೆಯಲ್ಲಿ ಬಿಟ್ಟು ಎರಡು ಮೂರು ಗಂಟೆಗೊಮ್ಮೆ ಹೋಗಿ ಕುಡಿಸಿ ಬರುವುದು ಲೇಸು.

ಹಾಲು: ಹಿಂಡಿಡುವುದು, ಡಬ್ಬಿಪುಡಿ, ಹಸುವಿನ ಹಾಲು

ಎಣಿಕೆ ಸರಳ. ಒಂದರಿಂದ ಆರು ತಿಂಗಳ ಕೂಸಿಗೆ ನೀವು ದೂರವಿರುವ ಪ್ರತಿ ಗಂಟೆಗೆ ಸುಮಾರು 30 ಮಿ.ಲೀ. ಹಾಲು ಬೇಕು. ಎಂಟೂವರೆಗೆ ಮನೆ ಬಿಟ್ಟು ಐದೂವರೆಗೆ ಮರಳುವವರಿಗೆ ಒಂಬತ್ತು ಗಂಟೆ, ಅಂದರೆ 270 ಮಿ.ಲೀ. 90ರಂತೆ ಮೂರು ಸ್ಟೀಲ್ ಡಬ್ಬಿ, ಜೊತೆಗೆ 50ರದ್ದು ಒಂದು ಹೆಚ್ಚುವರಿ. ಒಂದೇ ದೊಡ್ಡ ಪಾತ್ರೆಯಲ್ಲಿ ತುಂಬಿಡಬೇಡಿ, ಬೆಚ್ಚಗೆ ಮಾಡಿ ಕುಡಿದು ಉಳಿಸಿದ್ದನ್ನು ಚೆಲ್ಲಬೇಕಾಗುತ್ತದೆ.

ಕೆಲಸಕ್ಕೆ ಎರಡು ವಾರ ಮೊದಲೇ ಅಭ್ಯಾಸ ಶುರುವಾಗಲಿ. ಬೆಳಗಿನ ಮೊದಲ ಹಾಲು ಕುಡಿಸಿದ ಅರ್ಧ ಗಂಟೆಗೆ ಹಿಂಡಿ, ಹಾಲು ಹೆಚ್ಚು ಇರುವುದು ಆಗ. ಕೈ ಸೋಪಿನಿಂದ ತೊಳೆದು, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಗೆ ಎರಡು ನಿಮಿಷ ಇಟ್ಟುಕೊಳ್ಳಿ. ಅಗಲ ಬಾಯಿಯ ಬಟ್ಟಲನ್ನು ಕುದಿಸಿ ಆರಿಸಿಟ್ಟಿರಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಮೂರು ಸೆಂ.ಮೀ. ಹಿಂದೆ. ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಎರಡು ಬೆರಳನ್ನೂ ಕೂಡಿಸಿ, ಬಿಡಿ. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನೇ ಹಿಡಿದು ಎಳೆಯಬಾರದು. ನೋವಾಗಿ ಹಾಲು ಬರದಿರುವುದಕ್ಕೆ ಕಾರಣ ಇವೆರಡೇ ಹೆಚ್ಚು. ನಾಲ್ಕೈದು ನಿಮಿಷಕ್ಕೊಮ್ಮೆ ಪಕ್ಕ ಬದಲಿಸುತ್ತಾ ಇಪ್ಪತ್ತು ಮೂವತ್ತು ನಿಮಿಷ. ಮೊದಲ ದಿನಗಳಲ್ಲಿ 20 ಮಿ.ಲೀ. ಬಂದರೂ ಸರಿ, ದಿನವೂ ಖಾಲಿ ಮಾಡಿದಂತೆ ಹೆಚ್ಚುತ್ತದೆ. ಪಂಪು ಇದ್ದರೆ ಕೈ ನೋಯುವುದಿಲ್ಲ, ಹೊತ್ತೂ ಉಳಿಯುತ್ತದೆ. ಆದರೆ ಅದರ ಒಂದೊಂದು ಬಿಡಿಭಾಗವನ್ನೂ ಪ್ರತಿ ಸಲ ತೊಳೆದು ದಿನಕ್ಕೊಮ್ಮೆ ಕುದಿಸಬೇಕು. ಪಂಪು ಕೊಂಡರೂ ಕೈಯಲ್ಲಿ ಹಿಂಡಲು ಕಲಿತಿರಿ.

ಇಡುವುದು ಎಲ್ಲಿ? 25 ಡಿಗ್ರಿಯ ಕೋಣೆಯಲ್ಲಿ ನಾಲ್ಕು ಗಂಟೆ ನಿಲ್ಲುತ್ತದೆ. ಮಾರ್ಚಿನಿಂದ ಮೇವರೆಗೆ ನಮ್ಮ ತಗಡಿನ ಮನೆಗಳ ಒಳಗೆ ಆ ತಂಪು ಎಲ್ಲಿಯದು? ಆಗ ಎರಡು ಗಂಟೆಯೊಳಗೆ ಕುಡಿಸಿ, ಇಲ್ಲವೇ ಫ್ರಿಜ್ಜಿನಲ್ಲಿಡಿ. ಕರೆಂಟು ಸತತ ಇದ್ದರೆ ಫ್ರಿಜ್ಜಿನಲ್ಲಿ ನಾಲ್ಕು ದಿನದವರೆಗೂ ಇರುತ್ತದೆ, ಆದರೆ ಕರೆಂಟು ಹೋಗಿ ಬರುವ ಕಡೆ 24 ಗಂಟೆಯ ಮಿತಿ ಇಟ್ಟುಕೊಳ್ಳಿ. ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಒಳಗೆ ಹಿಂಬದಿಗೆ ಇಡಿ. ಫ್ರಿಜ್ಜಿಲ್ಲದ ಮನೆಯಲ್ಲಿ ಮುಚ್ಚಿದ ಡಬ್ಬಿಯನ್ನು ನೀರಿನ ಮಡಕೆಯ ತಂಪಿಗೆ, ಒದ್ದೆ ಬಟ್ಟೆ ಸುತ್ತಿ ಇಡಬಹುದು. ಚಿತ್ರದುರ್ಗದ ಒಣ ಗಾಳಿಗೆ ಅದು ಚೆನ್ನಾಗಿ ತಣ್ಣಗಾಗುತ್ತದೆ, ಆದರೂ ನಾಲ್ಕು ಗಂಟೆ ಮೀರಬಾರದು. ಕುಡಿಸುವಾಗ ಒಲೆಯ ಮೇಲೆ ಕಾಯಿಸಬೇಡಿ, ಬಿಸಿನೀರಿನ ಬಟ್ಟಲಲ್ಲಿ ಡಬ್ಬಿ ನಿಲ್ಲಿಸಿ. ಮೇಲೆ ಕೆನೆಯಂತೆ ಬೇರ್ಪಟ್ಟರೆ ಕೆಟ್ಟಿತೆಂದಲ್ಲ, ಮೆಲ್ಲಗೆ ತಿರುಗಿಸಿದರೆ ಕೂಡಿಕೊಳ್ಳುತ್ತದೆ.

ಬಾಟಲಿಗಿಂತ ಒಳಲೆ (ಕೂಸಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು) ಅಥವಾ ಸಣ್ಣ ಬಟ್ಟಲು ಒಳ್ಳೆಯದು, ತೊಳೆಯುವುದೂ ಸುಲಭ. ಒಳಲೆಯ ಅಪಾಯ ಒಂದೇ: ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಅಳುವಾಗ ಬಾಯಿಗೆ ಸುರಿಯುವುದು. ಹಾಲು ಶ್ವಾಸನಾಳಕ್ಕೆ ಹೋಗುತ್ತದೆ. ತಲೆ ಎತ್ತರ ಇರುವಂತೆ ಅರೆ ಕೂರಿಸಿ, ತುದಿಯನ್ನು ಕೆಳತುಟಿಯ ಅಂಚಿಗೆ ಮುಟ್ಟಿಸಿ, ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು. ಅಭ್ಯಾಸ ಮಾಡಿಸುವಾಗ ಕುಡಿಸುವವರು ಬೇರೆಯವರಿರಲಿ, ನೀವು ಕೋಣೆಯಲ್ಲೂ ಇರಬೇಡಿ. ತಾಯಿಯ ವಾಸನೆ ಬಂದರೆ ಕೂಸು ಒಳಲೆ ಮುಟ್ಟುವುದಿಲ್ಲ.

ಹಾಲು ಸಾಲದೆ ಡಬ್ಬಿಪುಡಿ ಕೊಡಲೇಬೇಕಾದರೆ ಡಾಕ್ಟರನ್ನು ಕೇಳಿ ಶುರು ಮಾಡಿ. ಹೆಚ್ಚಿನ ಡಬ್ಬಿಗಳಲ್ಲಿ 30 ಮಿ.ಲೀ. ನೀರಿಗೆ ಸಮ ಮಾಡಿದ ಒಂದು ಅಳತೆ ಚಮಚ, ನಿಮ್ಮ ಡಬ್ಬಿಯ ಮೇಲಿನದನ್ನು ಓದಿಕೊಳ್ಳಿ. ಮೊದಲು ನೀರು, ಆಮೇಲೆ ಪುಡಿ. ದುಬಾರಿ ಎಂದು ನೀರು ಹೆಚ್ಚಿಸಿದರೆ ಕೂಸು ಹೊಟ್ಟೆ ತುಂಬಿಸಿಕೊಂಡೂ ಸೊರಗುತ್ತದೆ. ಕುದಿಸಿದ ನೀರು ಅರ್ಧ ಗಂಟೆಗಿಂತ ಹೆಚ್ಚು ಆರಬಾರದು, ಆ ಬಿಸಿಗೇ ಪುಡಿಯಲ್ಲಿನ ಕ್ರಿಮಿ ಸಾಯುವುದು. ಕಲಸಿದ ಮೇಲೆ ತಣ್ಣೀರಲ್ಲಿ ಪಾತ್ರೆ ನಿಲ್ಲಿಸಿ ಆರಿಸಿ ಕೊಡಿ. ಎರಡು ಗಂಟೆ ಕಳೆದದ್ದನ್ನು ಚೆಲ್ಲಿ. ಜಗಳೂರು, ಚಳ್ಳಕೆರೆ, ಹಿರಿಯೂರು ಕಡೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ, ಬದಲಿಗೆ ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ತಂದು ಕುದಿಸಿ ಬಳಸಿ. ತಾಯಿ ಕುಡಿದ ನೀರಿನ ಫ್ಲೋರೈಡ್ ಎದೆಹಾಲಿಗೆ ಬರುವುದು ತೀರಾ ಕಡಿಮೆ, ಆದ್ದರಿಂದ ಈ ತಾಲ್ಲೂಕುಗಳಲ್ಲಿ ಹಿಂಡಿಟ್ಟ ಹಾಲಿಗೆ ಇನ್ನಷ್ಟು ಬೆಲೆ.

ಹಸು, ಎಮ್ಮೆ ಹಾಲನ್ನು ಒಂದು ವರ್ಷದವರೆಗೆ ಎದೆಹಾಲಿನ ಬದಲಿಗೆ ಕೊಡಬಾರದು. ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ, ಕೆಲವು ಕೂಸುಗಳ ಕರುಳಲ್ಲಿ ಕಣ್ಣಿಗೆ ಕಾಣದಷ್ಟು ರಕ್ತವೂ ಒಸರುತ್ತದೆ. ಮನೆಯಲ್ಲೇ ಹಸು ಇದೆ ಎಂಬುದು ಕಾರಣವಾಗದು.

ಆರು ತಿಂಗಳು ತುಂಬಿದ ಮೇಲೆ ಹಗಲಿನ ಒಂದೆರಡು ಹೊತ್ತಿಗೆ ರಾಗಿ ಸರಿ ಬರುತ್ತದೆ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಹಿಟ್ಟು ಒಳ್ಳೆಯದು. ಚಮಚ ಓರೆ ಮಾಡಿದರೆ ಹರಿದು ಬೀಳದಷ್ಟು ಗಟ್ಟಿ ಇರಲಿ, ಮೊದಲು ಎರಡು ಮೂರು ಚಮಚ. ಬಾಟಲಿಯಲ್ಲಿ ಕುಡಿಸುವಷ್ಟು ತೆಳು ಮಾಡಿದರೆ ಹೊಟ್ಟೆ ತುಂಬುವುದು ಬರೀ ನೀರು.

ಕೆಲಸದ ಜಾಗದಲ್ಲಿ

ಮೂರು ಗಂಟೆಗೊಮ್ಮೆ ಹಿಂಡಬೇಕು, ಹನ್ನೊಂದೂವರೆ, ಎರಡೂವರೆ ಎಂದಿಟ್ಟುಕೊಳ್ಳಿ. ಅಲ್ಲಿ ಇಡಲು ತಂಪು ಜಾಗ ಇಲ್ಲದಿದ್ದರೆ ಹಿಂಡಿ ಚೆಲ್ಲಿದರೂ ಸರಿ, ಬಿಡಬೇಡಿ. ಬಿಟ್ಟರೆ ಎದೆ ಕಲ್ಲಾಗುತ್ತದೆ, ಎರಡು ಮೂರು ವಾರದಲ್ಲಿ ಹಾಲೇ ಇಳಿಯುತ್ತದೆ. ಒಂದು ಕಡೆ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಆ ಎದೆಯಿಂದಲೂ ಕೂಸಿಗೆ ಕುಡಿಸಬಹುದು. ಶೌಚಾಲಯದಲ್ಲಿ ಹಿಂಡಬೇಡಿ. ಹಳ್ಳಿ ಶಾಲೆಯ ಶಿಕ್ಷಕಿಯರಿಗೆ ಆವರಣದಲ್ಲೇ ಅಂಗನವಾಡಿ ಇದ್ದರೆ ಕೇಳಿನೋಡಿ, ಹದಿನೈದು ನಿಮಿಷ ಒಂದು ಮೂಲೆ ಸಿಗುತ್ತದೆ.

ದಾವಣಗೆರೆಯಿಂದ ಹರಿಹರಕ್ಕೆ ಹೋಗಿಬರುವವರಿಗೆ ಹಿಂಡಿಟ್ಟ ಹಾಲು, ಅಜ್ಜಿ, ಇಷ್ಟು ಸಾಕು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ದಿನಾ ಓಡಾಡುವವರು ಹನ್ನೊಂದು ಗಂಟೆ ಹೊರಗಿರುತ್ತಾರೆ. ಕೂಸಿಗೆ ಆರು ತಿಂಗಳಾಗುವವರೆಗಾದರೂ ಕೆಲಸದ ಊರಲ್ಲೇ ಕೋಣೆ ಮಾಡಿ ಎಂದೇ ಹೇಳುತ್ತೇವೆ. ಪಾಳಿ ಇರುವ ನರ್ಸ್‌ಗಳಿಗೆ ದಿನಾ ಬದಲಾಗುವ ಪಾಳಿಗಿಂತ ತಿಂಗಳಿಡೀ ಒಂದೇ ಪಾಳಿ ಒಳ್ಳೆಯದು, ಅದು ಮಧ್ಯಾಹ್ನದ್ದೇ ಆದರೂ. ಹೊತ್ತು ಒಂದೇ ಆಗಿದ್ದರೆ ಹಾಲೂ ಉಳಿಯುತ್ತದೆ.

ಮನೆಯವರಿಗೆ ಒಂದು ಮಾತು ಖಡಾಖಂಡಿತ ಹೇಳಿ: ನೀವು ಬರುವ ಒಂದು ಗಂಟೆ ಮೊದಲಿನಿಂದ ಕೂಸಿಗೆ ಏನೂ ಕುಡಿಸಬಾರದು. ತುಂಬಿದ ಎದೆ, ಹಸಿದ ಕೂಸು, ಇದೇ ಹಾಲು ಉಳಿಸುವ ಉಪಾಯ. ಕೆಲವು ಕೂಸುಗಳು ಹಗಲು ಒಳಲೆಯಲ್ಲಿ ಸ್ವಲ್ಪವೇ ಕುಡಿದು ರಾತ್ರಿಯಿಡೀ ಎದೆ ಬಿಡುವುದಿಲ್ಲ. ಅದು ಹಠವಲ್ಲ, ಹಗಲಿನ ಲೆಕ್ಕ ಚುಕ್ತಾ ಮಾಡಿಕೊಳ್ಳುವುದು. ಅಂಥ ದಿನಗಳಲ್ಲಿ ಸಂಜೆಯ ಅಡುಗೆ, ಮರುದಿನದ ಡಬ್ಬಿ ಗಂಡನ ಪಾಲಿಗೆ.

ಏರ್ಪಾಡು ಹೊಂದಿದೆಯೋ ಇಲ್ಲವೋ ಎಂಬುದನ್ನು ಕೂಸಿನ ಅಳುವಿನಿಂದ ಅಳೆಯಬೇಡಿ, ಮೊದಲ ವಾರ ಎಲ್ಲ ಕೂಸೂ ಅಳುತ್ತದೆ. ಮೂತ್ರ ನೋಡಿ: ದಿನಕ್ಕೆ ಆರು ಸಲ ಬಟ್ಟೆ ಒದ್ದೆಯಾಗಬೇಕು, ಬಣ್ಣ ತಿಳಿಯಾಗಿರಬೇಕು. ತಿಂಗಳಿಗೊಮ್ಮೆ ಅಂಗನವಾಡಿಯ ತಕ್ಕಡಿಯಲ್ಲಿ ತೂಗಿಸಿ: ಮೂರರಿಂದ ಆರು ತಿಂಗಳ ನಡುವೆ ತಿಂಗಳಿಗೆ ಸುಮಾರು ಅರ್ಧ ಕಿಲೋ ಏರಬೇಕು. ಏರದಿದ್ದರೆ ಡಾಕ್ಟರಿಗೆ ತೋರಿಸಿ. ಖಾಯಿಲೆ ಏನೂ ಇಲ್ಲವೆಂದರೆ ಆಯಾ ಬದಲಿಸುವ ಮೊದಲು ಮಧ್ಯಾಹ್ನ ಒಂದು ಸಲ ನೀವೇ ಹೋಗಿ ಕುಡಿಸಿ ಬರಲು, ಇಲ್ಲವೇ ಕೂಸನ್ನೇ ಆಟೋದಲ್ಲಿ ನಿಮ್ಮ ಹತ್ತಿರ ತರಿಸಿಕೊಳ್ಳಲು ದಾರಿ ಇದೆಯೇ ನೋಡಿ. ಕಾಯ್ದೆಯ ಆ ಎರಡು ಬಿಡುವನ್ನು ಊಟದ ವಿರಾಮದ ಜೊತೆ ಕೂಡಿಸಿ ಕೊಡಿ ಎಂದು ಬರಹದಲ್ಲಿ ಕೇಳಿ. ಮುಕ್ಕಾಲು ಗಂಟೆ ಸಿಕ್ಕರೂ ಊರೊಳಗೆ ಕೆಲಸ ಮಾಡುವವರಿಗೆ ಸಾಕಾಗುತ್ತದೆ.